ತೆರೆಯೇರುವ ಹಲಗೆಗೆ ಮೆರುಗಿಟ್ಟ ಕಥೆ

ಕಳೆದ ಮಾಘಮಾಸದ ಕೊನೆಯಲ್ಲಿ ನಮ್ಮ ಮನೆಯ ಹಿಂದಣ ಕೊಟ್ಟಿಗೆಯು ಒಂದು ಪಕ್ಷಕಾಲದ ಮಟ್ಟಿಗೆ ಕಾರ್ಖಾನೆಯಾಗಿ ಪರಿಣಮಿಸಿತು. ಹಸುಗಳಿಲ್ಲದೆ ಬಹುಕಾಲದಿಂದ ಬರಿದಾಗಿ ಬಿದ್ದಿದ್ದ ಆ ಸ್ಥಳದಲ್ಲಿ ಎರಡು ಮುಕ್ಕಾಲಿಗಳ ಮೇಲೆ 9 ಅಡಿ ಉದ್ದದ ಒಂದು ಬಿಳಿಯ ಹಲಗೆಯು ಬಂದು ಮಲಗಿತು. ಅದರ ಸುತ್ತ ಡಬ್ಬಿಗಳೂ ಕುಂಚಗಳೂ ನಾನಾ ಅಂಕೆಯ ಉಜ್ಜುಕಾಗದಗಳೂ ಹರಡಿಕೊಂಡುವು. ಮನೆಯಲ್ಲಿ ಮೂರು ದಿವಸ ಅಡಿಗೆಯ ಪರಿಮಳಕ್ಕೆ ಬದಲಾಗಿ ರಾಳದ ಘಾಟು ತುಂಬಿತು. ಇದಕ್ಕೆಲ್ಲ ಕಾರಣನಾದವನು ನಮ್ಮ ತಂಗಿಯ ಮಗ. ಅವನು ಮೂಲ್ಕಿಯ ಕಡಲತಡಿಯಲ್ಲಿ ಪರಸ್ಥಳಗಳಿಂದ ಬರುವ ಜನರಿಗೆ ತೆರೆಯ ಮೇಲೆ ಹಲಗೆಯೇರಿ ನಿಂತು ಜಾರಿಬರುವ ವಿದ್ಯೆಯನ್ನು ಕಲಿಸಿ ಜೀವನ ಮಾಡತಕ್ಕವನು. ಇಂಗ್ಲಿಷಿನಲ್ಲಿ ಈ ಕ್ರೀಡೆಗೆ ಸರ್ಫಿಂಗ್ ಎಂದೂ ಹಲಗೆಗೆ ಸರ್ಫ್‌ಬೋರ್ಡ್ ಎಂದೂ ಹೆಸರು. ನಾವು ತೆರೆಹಲಗೆಯೆನ್ನುತ್ತೇವೆ, ವಾಚಕರಿಗೆ ಇದಕ್ಕಿಂತ ಒಳ್ಳೆಯ ಹೆಸರು ಹೊಳೆದರೆ ನಮ್ಮ ಆಕ್ಷೇಪಣೆಯಿಲ್ಲ.

ಹಲಗೆಗೆ ರೋಗವೇನೆಂದರೆ, ಅದರ ಮೈ ಮರಳುಕಾಗದದಿಂದ ಉಜ್ಜಿ ಬಿಟ್ಟ ಮೈ, ಮೆರುಗಿಲ್ಲದ್ದು. ವರ್ಷಾಂತರದ ಬಳಕೆಯಿಂದ ಅದು ಸವೆದು, ಅಲ್ಲಲ್ಲಿ ಸೂಜಿಮೊನೆಯಷ್ಟು ರಂಧ್ರಗಳು ಬಿದ್ದು, ಉಪ್ಪುನೀರು ಒಳಗಿಳಿಯುತ್ತಿತ್ತು. ಕೊಂಡಾಗ 7 ಕಿಲೋ ತೂಗುತ್ತಿದ್ದ ಹಲಗೆಯು ನಮ್ಮ ಕೊಟ್ಟಿಗೆಗೆ ಬಂದ ದಿನ, ತೆಂಗಿನಕಾಯಿಯ ವ್ಯಾಪಾರಿಯಿಂದ ತಂದ ತೂಗುಕೊಂಡಿಯಲ್ಲಿ ನೋಡಲಾಗಿ, 8 ಕಿಲೋ ದಾಟಿತ್ತು. ಒಂದು ಕಿಲೋಗೂ ಮೇಲ್ಪಟ್ಟ ಸಮುದ್ರವನ್ನು ಅದು ಹೊಟ್ಟೆಯೊಳಗೆ ಹೊತ್ತಿತ್ತೆಂದು ತಾತ್ಪರ್ಯ. ಹೊಸದನ್ನು ಕೊಳ್ಳುವ ಮಾತಿರಲಿಲ್ಲ. ಇದನ್ನು ಕೊಂಡಾಗಲೇ ನಮ್ಮ ತಂಗಿಯು ತನ್ನ ಎರಡು ಬಳೆಗಳನ್ನು ಅಡವಿಟ್ಟಿದ್ದಳು. ಅವು ಇನ್ನೂ ಬಿಡಿಸಿಕೊಂಡು ಬಂದಿರಲಿಲ್ಲ. ಬೇಸಗೆಯ ರಜೆಯ ಜನ ಬರುವುದರೊಳಗೆ ಹಲಗೆಯು ನೀರಿಗಿಳಿಯಬೇಕು, ಇಲ್ಲವಾದರೆ ಆ ವರ್ಷದ ಸಂಪಾದನೆಯೇ ಇಲ್ಲ. ಆದುದರಿಂದಲೇ ಹುಡುಗನು ತಾನೇ ಮೆರುಗಿಡಲು ನಿಶ್ಚಯಿಸಿ, ಧೂಳುಗಾಳಿ ತಾಗದ ಸ್ಥಳವನ್ನು ಹುಡುಕಿಕೊಂಡು ನಮ್ಮಲ್ಲಿಗೆ ಬಂದದ್ದು.

ಕಾರ್ಯದ ವಿವರಕ್ಕೆ ಮೊದಲು ಈ ಹಲಗೆಯ ಪೂರ್ವೋತ್ತರವನ್ನು ಕೊಂಚ ಹೇಳುವುದು ಯುಕ್ತ. ಇದರ ತವರು ಶಾಂತಸಾಗರದ ನಡುವಣ ಹವಾಯಿ ದ್ವೀಪಗಳು. ಅಲ್ಲಿಯ ಜನರು ಈ ಆಟವನ್ನು ‘ಹೆಎ ನಲು’ ಎನ್ನುವರು. ತೆರೆಯ ಮೇಲೆ ಜಾರುವುದೆಂದೇ ಅರ್ಥ. 1778ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗುಗಳು ಅಲ್ಲಿಗೆ ಹೋದಾಗಲೇ ಅರಸರೂ ಸಾಮಾನ್ಯರೂ ಹೆಂಗಸರೂ ಮಕ್ಕಳೂ ಇದರಲ್ಲಿ ಪಾರಂಗತರಾಗಿದ್ದರು. ಹಲಗೆಯನ್ನು ಅವರು ಮಾಡುತ್ತಿದ್ದ ರೀತಿಯು ನಮ್ಮ ಪ್ರಕೃತ ವಿಷಯಕ್ಕೆ ಬಹಳ ಸಮೀಪವಾದದ್ದು. ಕೋವಾ, ವಿಲಿವಿಲಿ, ದೀವಿಹಲಸು ಮೊದಲಾದ ಮರಗಳನ್ನು ಕಲ್ಲಿನ ಬಾಚಿಯಿಂದ ಕೆತ್ತುವರು. ಹವಳದ ಕಲ್ಲಿನಿಂದಲೂ ಒರಟುಕಲ್ಲಿನಿಂದಲೂ ಉಜ್ಜಿ ಬಾಚಿಯ ಗಾಯಗಳನ್ನು ಅಳಿಸುವರು. ಬೇರು ತೊಗಟೆಗಳ ರಸದಿಂದ ಕಪ್ಪು ಬಣ್ಣವನ್ನು ಹಾಕುವರು. ಕೊನೆಗೆ ಕುಕುಯಿ ಎಂಬ ಮರದ ಬೀಜದೆಣ್ಣೆಯನ್ನು ತಿಕ್ಕಿ ಹೊಳಪು ಬರಿಸುವರು. ಆಟವಾದ ಮೇಲೆ ಹಲಗೆಯನ್ನು ಒಣಗಿಸಿ, ಕೊಬ್ಬರಿ ಎಣ್ಣೆಯನ್ನು ಸವರಿ, ತೊಗಟೆಯನ್ನು ಬಡಿದು ಮಾಡಿದ ಬಟ್ಟೆಯಲ್ಲಿ, ಅಂದರೆ ನಮ್ಮ ಕಾವ್ಯಗಳು ವಲ್ಕಲವೆನ್ನುವ ವಸ್ತುವಿನಲ್ಲಿ, ಸುತ್ತಿ ತೂಗುಹಾಕುವರು. ಮೊದಲು ಒರಟು ಕಲ್ಲು, ಅನಂತರ ನಯವಾದ ಕಲ್ಲು, ಕಟ್ಟಕಡೆಗೆ ನೀರನ್ನು ಒಳಗೆ ಬಿಡದ ಒಂದು ಲೇಪ ಎಂಬ ಈ ಕ್ರಮವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಮ್ಮ ಕೊಟ್ಟಿಗೆಯಲ್ಲಿ ನಡೆದದ್ದೂ ಇದೇ ಕ್ರಮ. ಸಾಮಗ್ರಿ ಮಾತ್ರ ಬೇರೆ.

ಆ ಹಳೆಯ ಹಲಗೆಗಳಲ್ಲಿ ಅರಸರವು 50 ಕಿಲೋಗಳಿಗೂ ಮೀರಿ ತೂಗುತ್ತಿದ್ದುದುಂಟು. ಹೊನೊಲುಲುವಿನ ಬಿಷಪ್ ಮ್ಯೂಸಿಯಮ್ಮಿನಲ್ಲಿ ಪಾಕೀ ಎಂಬ ನಾಯಕನ ಹಲಗೆಗಳಿವೆ. 1920ರ ದಶಕದಲ್ಲಿ ಟಾಮ್ ಬ್ಲೇಕ್ ಎಂಬ ಅಮೆರಿಕದ ಈಜುಗಾರನು ಅವುಗಳನ್ನು ದುರಸ್ತುಮಾಡಿದನು. ಅವುಗಳ ಮಾದರಿಯಲ್ಲಿಯೇ ತಾನೊಂದನ್ನು ಮಾಡಹೋಗಿ, ಭಾರ ತಗ್ಗಲೆಂದು ಒಳಗೆ ಟೊಳ್ಳುಮಾಡುವ ಉಪಾಯವನ್ನು ಕಂಡನು. ಎರಡನೆಯ ಮಹಾಯುದ್ಧದ ತರುವಾಯ ಹಗುರವಾದ ಬಾಲ್ಸಾ ಮರಕ್ಕೆ ಗಾಜಿನ ನೂಲಿನ ಬಟ್ಟೆಯನ್ನು ರಾಳದಿಂದ ಅಂಟಿಸುವ ಪದ್ಧತಿ ಬಂದಿತು. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೋಬಿ ಆಲ್ಟರ್, ಗಾರ್ಡನ್ ಕ್ಲಾರ್ಕ್ ಎಂಬಿಬ್ಬರು ಮರವನ್ನೇ ಬಿಟ್ಟು ಪಾಲಿಯುರಿಥೇನ್ ಎಂಬ ನೊರೆಯ ದಿಂಡನ್ನು ಬಳಕೆಗೆ ತಂದರು. ನಮ್ಮ ಹುಡುಗನ ಹಲಗೆಯು ಈ ವಂಶದ್ದು. ಮೂಲ್ಕಿಗೆ ಈ ವಿದ್ಯೆ ಬಂದದ್ದು ಬಹಳ ಈಚೆಗೆ. 2004ರಲ್ಲಿ ಜ್ಯಾಕ್ ಹೆಬ್ನರ್ ಎಂಬ ಅಮೆರಿಕದ ಸಾಧುವು, ಜನರು ಸರ್ಫಿಂಗ್ ಸ್ವಾಮಿಯೆಂದು ಕರೆದವರು, ಅಲ್ಲಿ ಮಂತ್ರ ಸರ್ಫ್ ಕ್ಲಬ್ಬನ್ನು ಸ್ಥಾಪಿಸಿದರು. 2016ರ ಮೇ ತಿಂಗಳಲ್ಲಿ ಸಮೀಪದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಎಂಬ ಪಂದ್ಯವೂ ನಡೆಯಿತು. ಕಡಲನ್ನು ಮೀನಿಗಾಗಿಯೂ ಪಿತೃಕಾರ್ಯದ ಸ್ನಾನಕ್ಕಾಗಿಯೂ ಮಾತ್ರ ಬಲ್ಲ ನಮ್ಮಂಥವರಿಗೆ ಮೊದಮೊದಲು ಇದು ವಿನೋದವಾಗಿ ಕಂಡದ್ದು ಸಹಜ.

ಈಗ ಹಲಗೆಯ ಮೈಗೆ ಬರೋಣ. ನೊರೆಯ ದಿಂಡಿನ ಮೇಲೆ ಗಾಜಿನ ಬಟ್ಟೆಯನ್ನು ಹಾಸಿ ಪಾಲಿಯೆಸ್ಟರ್ ರಾಳವನ್ನು ಹೀರಿಸುತ್ತಾರೆ. ಒಣಗಿದ್ದಾಗ ಬೆಳ್ಳಗೆ ಕಾಣುವ ಬಟ್ಟೆಯು ರಾಳ ಕುಡಿದೊಡನೆ ಕಣ್ಮರೆಯಾಗುವುದು. ಗಾಜೂ ರಾಳವೂ ಬೆಳಕನ್ನು ಬಹುಮಟ್ಟಿಗೆ ಒಂದೇ ಪ್ರಮಾಣದಲ್ಲಿ ಬಾಗಿಸುವುದರಿಂದ ಎರಡರ ನಡುವಣ ಗಡಿಯು ಕಣ್ಣಿಗೆ ತೋರದು. ಆದರೆ ನೂಲಿನ ಏರುತಗ್ಗು ಕೈಗೆ ತಿಳಿಯುವುದು. ಅದನ್ನು ಮುಚ್ಚಲು ಎರಡನೆಯ ರಾಳದ ಲೇಪ. ಇದು ಗಟ್ಟಿಯಾದ ಮೇಲೆ ಮರಳುಕಾಗದದಿಂದ ಉಜ್ಜಿ ಸಮಮಾಡುವರು. ಇಲ್ಲಿಗೆ ನಿಲ್ಲಿಸಿದರೆ ಅದು ಉಜ್ಜಿದ ಮೈ. ಇದರ ಮೇಲೆ ಮೂರನೆಯದಾಗಿ ತೆಳುವಾದ ಒಂದು ರಾಳವನ್ನು ಹರಿಯಿಸಿ, ಅದನ್ನೂ ತಿಕ್ಕಿ ತೀಡಿದರೆ ಮೆರುಗಿನ ಮೈ. ಪಂದ್ಯಗಳಲ್ಲಿ ಆಡುವವರ ಗಿಡ್ಡ ಹಲಗೆಗಳನ್ನು ಸಾಮಾನ್ಯವಾಗಿ ಮೊದಲನೆಯ ಅವಸ್ಥೆಯಲ್ಲಿಯೇ ಬಿಡುತ್ತಾರೆ; ತೂಕವೂ ಉಳಿಯಿತು, ಕೂಲಿಯೂ ಉಳಿಯಿತು. ಬಹುಕಾಲ ಬಾಳಬೇಕಾದ ಉದ್ದ ಹಲಗೆಗಳಿಗೆ ಮೆರುಗಿಡುವುದು ವಾಡಿಕೆ. ನಮ್ಮ ಹುಡುಗನದು ಉದ್ದ ಹಲಗೆಯೇ ಆದರೂ, ಮಾಡಿದವರು ಅಗ್ಗಕ್ಕಾಗಿ ಮೂರನೆಯ ಲೇಪವನ್ನು ಬಿಟ್ಟಿದ್ದರು.

“ಉಜ್ಜಿದ್ದೂ ರಾಳವೇ, ಹೊಳೆಯುವುದೂ ರಾಳವೇ, ಒಂದು ಮಂಕಾಗಿಯೂ ಇನ್ನೊಂದು ಕನ್ನಡಿಯಾಗಿಯೂ ಕಾಣುವುದೇಕಪ್ಪಾ?” ಎಂದು ನಾವು ಕೇಳಿದೆವು. ಹುಡುಗನು ಉತ್ತರವಾಗಿ ಒದ್ದೆಬಟ್ಟೆಯನ್ನು ಹಲಗೆಯ ಮೇಲೆ ಎಳೆದನು. ಒದ್ದೆಯಾದ ಪಟ್ಟಿಯು ತಟ್ಟನೆ ಹೊಳೆಯಿತು. ಎರಡು ನಿಮಿಷದಲ್ಲಿ ನೀರಾರಿ ಮತ್ತೆ ಮಂಕಾಯಿತು. ಮೂವತ್ತು ವರ್ಷಗಳ ಕಾಲ ಮಕ್ಕಳ ಕಲ್ಲುಪಾಟಿಗಳನ್ನು ನೋಡುತ್ತಿದ್ದ ನಮಗೆ ಇದು ಹೊಳೆಯದೆ ಹೋದದ್ದು ಸೋಜಿಗ. ಒಣಗಿದ ಪಾಟಿ ಬೂದುಬಣ್ಣ, ಒರಸಿದ ಪಾಟಿ ಅಚ್ಚಕಪ್ಪು. ಒರಟು ಮೈಯ ಮೇಲಿನ ಲಕ್ಷೋಪಲಕ್ಷ ಗೀರುಗಳು ಬೆಳಕನ್ನು ದಿಕ್ಕುದಿಕ್ಕಿಗೆ ಚೆಲ್ಲುತ್ತವೆ. ಆ ಚೆಲ್ಲಿದ ಬೆಳಕೇ ಮಂಕು. ನೀರು ಗೀರುಗಳನ್ನು ತುಂಬಿ ಮೇಲೆ ಸಮವಾದ ಮುಖವನ್ನು ಒದಗಿಸಿದರೆ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ. ಮೆರುಗಿನ ಲೇಪವೆಂದರೆ ಆರದೆ ನಿಲ್ಲುವ ನೀರು ಎಂದು ತಿಳಿಯಬಹುದು. ಸಂಸ್ಕೃತದಲ್ಲಿ ನುಣುಪಿಗೆ ‘ಶ್ಲಕ್ಷ್ಣ’ವೆಂದೂ ‘ಮಸೃಣ’ವೆಂದೂ ‘ಸ್ನಿಗ್ಧ’ವೆಂದೂ ಶಬ್ದಗಳಿವೆ. ಈ ಕಡೆಯ ಶಬ್ದಕ್ಕೆ ಎಣ್ಣೆಯ ಸಂಬಂಧವುಂಟು. ಅದರಿಂದ ನಮಗಾದ ಅನರ್ಥವನ್ನು ಮುಂದೆ ಹೇಳುತ್ತೇವೆ.

ಮೊದಲ ಆರು ದಿವಸ ಏನೂ ಮಾಡಲಿಲ್ಲ. ಹಲಗೆಯ ಮೂತಿಯನ್ನು ಕೆಳಕ್ಕೆ ಮಾಡಿ, ನೀರು ಹೊಕ್ಕಿದ್ದ ಬಿರುಕುಗಳನ್ನು ಚಾಕುವಿನಿಂದ ತೆರೆದು, ನೆರಳಿನಲ್ಲಿ ಒರಗಿಸಿದ್ದಾಯಿತು. ಬಿಸಿಲಿಗೆ ಹಾಕಿದರೆ ಬೇಗ ಒಣಗಲಾರದೆ ಎಂದರೆ, ಒಳಗಣ ಗಾಳಿ ಹಿಗ್ಗಿ ಬಟ್ಟೆಯ ಪದರ ನೊರೆಯಿಂದ ಬಿಟ್ಟುಕೊಳ್ಳುವುದಂತೆ. ಸಣ್ಣ ಧಾರೆಯಾಗಿ, ಅನಂತರ ತೊಟ್ಟುತೊಟ್ಟಾಗಿ ನೀರಿಳಿಯಿತು. ಆರನೆಯ ದಿನ ತೂಗಿದರೆ 7 ಕಿಲೋ 200 ಗ್ರಾಂ. ಇಷ್ಟು ಸಾಕೆಂದು ಬಿರುಕುಗಳಿಗೆ ಗಾಜಿನ ಬಟ್ಟೆಯ ತೇಪೆಗಳನ್ನು ರಾಳದಿಂದ ಹಾಕಿದನು. ಒಳಗೆ ನೀರಿರುವಾಗ ಮೆರುಗಿಡುವುದು ಹುಣ್ಣಿನ ಮೇಲೆ ರೇಷ್ಮೆ ಹೊದಿಸಿದಂತೆ.

ತರುವಾಯ ಮೇಣ ತೆಗೆಯುವ ಕೆಲಸ. ಕಾಲು ಜಾರದಿರಲೆಂದು ಹಲಗೆಯ ಮೇಲ್ಮುಖಕ್ಕೆ ಮೇಣ ಬಳಿಯುವುದು ಈ ಆಟದವರ ಪದ್ಧತಿ. ಅದರ ಲೇಶವಿದ್ದರೂ ಹೊಸ ರಾಳ ಹಿಡಿಯದು. ಹಳೆಯ ಬಾಚಣಿಗೆಯ ಬೆನ್ನಿನಿಂದ ಕೆರೆದು, ಅಸಿಟೋನ್ ಎಂಬ ದ್ರವದಲ್ಲಿ ಅದ್ದಿದ ಬಟ್ಟೆಯಿಂದ ಒರಸಿದನು. ಒಂದೇ ಬಟ್ಟೆಯಿಂದ ಎರಡು ಸಲ ಒರಸಿದರೆ ಮೇಣವನ್ನು ತೆಗೆದಂತಲ್ಲ, ಹರಡಿದಂತೆ. ನಮ್ಮ ಎರಡು ಹಳೆಯ ಪಂಚೆಗಳು ಇದಕ್ಕೆ ವಿನಿಯೋಗವಾದುವು.

ಹಲಗೆಯ ಜಾತಿಯನ್ನು ವಿಚಾರಿಸದೆ ಮುಂದುವರಿಯಬಾರದೆಂದು ಹುಡುಗನು ಹೇಳಿದ್ದನ್ನು ಇಲ್ಲಿಯೇ ಸೇರಿಸುತ್ತೇವೆ, ಏಕೆಂದರೆ ಇದನ್ನರಿಯದೆ ಕೆಟ್ಟವರು ಹಲವರು. ಎಪಾಕ್ಸಿ ಎಂಬ ಬೇರೊಂದು ರಾಳದಿಂದ ಮಾಡಿದ ಹಲಗೆಗಳುಂಟು. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಲೇಪವು ಭದ್ರವಾಗಿ ಕೂಡದು. ಪಾಲಿಯೆಸ್ಟರಿನ ಮೇಲೆ ಎಪಾಕ್ಸಿಯಾದರೋ ಕೂಡುವುದು. ಅಂಥ ಹಲಗೆಗಳ ಹೊಟ್ಟೆಯಲ್ಲಿ ಬಹುಮಟ್ಟಿಗೆ ಪಾಲಿಸ್ಟೈರೀನ್ ನೊರೆ ಇರುತ್ತದೆ. ಪಾಲಿಯೆಸ್ಟರ್ ರಾಳದಲ್ಲಿರುವ ಸ್ಟೈರೀನ್ ದ್ರವವು ಯಾವುದಾದರೂ ರಂಧ್ರದಿಂದ ಒಳಗಿಳಿದರೆ ಆ ನೊರೆಯು ನೀರಿಗೆ ಬಿದ್ದ ಬತ್ತಾಸಿನಂತೆ ಕರಗಿಹೋಗುವುದು.

ಉಜ್ಜುವ ಕಾಗದದ ಬೆನ್ನಿನ ಮೇಲೆ ಅಂಕೆಯಿರುತ್ತದೆ. ಅಂಕೆ ದೊಡ್ಡದಾದಷ್ಟು ಕಾಳು ಸಣ್ಣದು. ಹೊಸ ಲೇಪ ಕಚ್ಚಿಕೊಳ್ಳಬೇಕಾದರೆ ಹಳೆಯ ಮೈ ಕೊಂಚ ಒರಟಾಗಿರಬೇಕಾದುದರಿಂದ ಮೊದಲು 150, ಆಮೇಲೆ 220ರ ಕಾಗದ. ಅಂಗೈಯಿಂದ ಒತ್ತದೆ, ಮರದ ತುಂಡಿಗೆ ಕಾಗದವನ್ನು ಸುತ್ತಿ ಉಜ್ಜುವುದು. ಬೆರಳಿನಿಂದ ಒತ್ತಿದರೆ ಬೆರಳಿನಗಲದ ಹಳ್ಳ. ಅಂಚುಗಳಲ್ಲಿಯೂ ಹಿಂಭಾಗದ ರೆಕ್ಕೆಯ ಬುಡದಲ್ಲಿಯೂ ರಾಳವು ತೆಳು. ಅಲ್ಲಿ ಎರಡು ಸಲ ಹೆಚ್ಚಾಗಿ ಎಳೆದರೆ ಗಾಜಿನ ನೂಲು ಹೊರಗೆ ಕಾಣುವುದು. ಗಾಜಿನ ಧೂಳು ಚರ್ಮಕ್ಕೆ ತುರಿಕೆ, ಶ್ವಾಸಕ್ಕೆ ಕೇಡು. ಹುಡುಗನು ಮೂಗಿಗೂ ಬಾಯಿಗೂ ಮುಸುಕು ಕಟ್ಟಿಕೊಂಡು, ತುಂಬುತೋಳಿನ ಅಂಗಿ ತೊಟ್ಟು ಕೆಲಸ ಮಾಡಿದನು. ನಾವು ಹೊಸಲಿನಾಚೆಯಿಂದ ನೋಡುತ್ತಿದ್ದೆವು.

ರಾಳವನ್ನು ತಂದದ್ದು ಮಂಗಳೂರಿನ ಬಂದರಿನಲ್ಲಿ ದೋಣಿಯ ಸಾಮಾನು ಮಾರುವ ಒಂದು ಅಂಗಡಿಯಿಂದ. ನಮ್ಮ ಕರಾವಳಿಯ ಮೀನುಗಾರರ ಫೈಬರ್ ದೋಣಿಗಳೂ ಈ ಗಾಜಿನ ಬಟ್ಟೆ, ಈ ರಾಳಗಳಿಂದಲೇ ಆದವು. ಹಾಗಾಗಿ ಹವಾಯಿಯ ಹಲಗೆಗೆ ಬೇಕಾದ ಮದ್ದು ಬಂಗಡೆ ಹಿಡಿಯುವವರ ಬೀದಿಯಲ್ಲಿಯೇ ದೊರೆಯಿತು. ಮುಕ್ಕಾಲು ಕಿಲೋ ರಾಳ, ಎರಡು ಸಣ್ಣ ಸೀಸೆಗಳು. ಒಂದು ಸೀಸೆಯಲ್ಲಿ ನೇರಿಳೆ ಬಣ್ಣದ ಕೋಬಾಲ್ಟ್ ದ್ರವ. ಇನ್ನೊಂದರಲ್ಲಿ ನೀರಿನಂತೆ ತಿಳಿಯಾದ ಹಾರ್ಡ್‌ನರ್. ಈ ಎರಡನ್ನೂ ನೇರವಾಗಿ ಒಂದಕ್ಕೊಂದು ಸೇರಿಸಿದರೆ ಸ್ಫೋಟವಾಗುವ ಅಪಾಯವುಂಟು. ಮೊದಲು ಕೋಬಾಲ್ಟನ್ನು ರಾಳದಲ್ಲಿ ಚೆನ್ನಾಗಿ ಕಲಸಿ, ಅದು ಬೆರೆತ ಮೇಲೆಯೇ ಹಾರ್ಡ್‌ನರನ್ನು ಹಾಕತಕ್ಕದ್ದು. ಈ ಹಾರ್ಡ್‌ನರಿನ ಒಂದು ತೊಟ್ಟು ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಸಿಡಿದುದೇ ಆದರೆ ಆ ಕ್ಷಣದಿಂದ ಬಹಳ ಹೊತ್ತು ನೀರಿನಿಂದ ತೊಳೆದು ವೈದ್ಯರಲ್ಲಿಗೆ ಓಡಬೇಕು. ಮಕ್ಕಳಿರುವ ಮನೆಯವರು ಈ ಎರಡು ವಾಕ್ಯಗಳನ್ನು ಮತ್ತೊಮ್ಮೆ ಓದಲಿ. ಈ ಕೆಲಸಕ್ಕೆ ತೆಗೆದ ಪಾತ್ರೆಯು ಪುನಃ ಅಡಿಗೆಮನೆಗೆ ಹೋಗಕೂಡದೆಂಬುದನ್ನು ಬೇರೆ ಹೇಳಬೇಕೆ?

ಮೆರುಗಿನ ರಾಳಕ್ಕೆ ಇನ್ನೊಂದು ವಿಶೇಷವುಂಟು. ಬರಿಯ ರಾಳವನ್ನು ಬಳಿದರೆ ಒಳಗೆ ಗಟ್ಟಿಯಾದರೂ ಮೇಲ್ಮುಖವು ಅಂಟಂಟಾಗಿಯೇ ಉಳಿಯುವುದು. ಗಾಳಿಯಲ್ಲಿರುವ ಆಮ್ಲಜನಕವು ಮೇಲ್ಪದರ ಹೆಪ್ಪಾಗುವುದನ್ನು ತಡೆಯುವುದೇ ಇದಕ್ಕೆ ಕಾರಣ. ಆದುದರಿಂದ ಸ್ಟೈರೀನಿನಲ್ಲಿ ಕರಗಿಸಿದ ಮೇಣವನ್ನು ಕೊಂಚ ಬೆರಸುತ್ತಾರೆ. ಕಾದಾರುವ ಹಾಲಿನ ಮೇಲೆ ಕೆನೆ ಕಟ್ಟುವಂತೆ ಆ ಮೇಣವು ತೇಲಿ ಮೇಲೆ ಪೊರೆಯಾಗಿ ಗಾಳಿಯನ್ನು ದೂರವಿಡುತ್ತದೆ. ಹಳೆಯ ಮೇಣವನ್ನು ಅಷ್ಟು ಕಷ್ಟಪಟ್ಟು ತೆಗೆದು, ಈಗ ಹೊಸ ಮೇಣವನ್ನು ತಾನಾಗಿ ಬೆರಸುವುದೆಂದರೇನೆಂದು ನಮಗೆ ನಗು ಬಂದಿತು.

ಮೇಲ್ಮುಖಕ್ಕೆ ಲೇಪಕೊಡುವುದು ಬೆಳಗ್ಗೆ ಎಂದು ನಿಶ್ಚಯವಾಯಿತು. ಗಾಳಿ ಏಳುವುದಕ್ಕೆ ಮುಂಚೆ, ಬಿಸಿಲೇರುವುದಕ್ಕೆ ಮುಂಚೆ. ಹಿಂದಿನ ಸಂಜೆ ನೆಲಕ್ಕೆ ನೀರು ಚಿಮುಕಿಸಿ ಧೂಳನ್ನು ಕೂರಿಸಿದ್ದಾಯಿತು. ಅಂಚಿನ ಉದ್ದಕ್ಕೂ ಅಂಟುಕಾಗದದ ಪಟ್ಟಿ ಹಚ್ಚಿ, ಲೇಪದ ಸೀಮೆಯನ್ನು ಗೊತ್ತುಮಾಡಿದನು. 250 ಗ್ರಾಂ ರಾಳಕ್ಕೆ 3 ಮಿಲಿಲೀಟರ್ ಹಾರ್ಡ್‌ನರ್. ಹೆಚ್ಚು ಹಾಕಿದರೆ ಬೇಗ ಹೆಪ್ಪಾಗಿ, ಡಬ್ಬಿಯಲ್ಲಿಯೇ ಕುದಿದು ಹೊಗೆಯೇಳುವುದು. ಕಡಮೆ ಹಾಕಿದರೆ ವಾರವಾದರೂ ಮೆತ್ತಗೆ. ನಮ್ಮ ಕರಾವಳಿಯ ಸೆಕೆಗೆ ತಕ್ಕಂತೆ ಕಡಮೆಯ ಕಡೆಗೇ ವಾಲಬೇಕು. ನಡುಬೆನ್ನಿನ ಉದ್ದಕ್ಕೂ ರಾಳವನ್ನು ಸುರಿದು, ನಾಲ್ಕಂಗುಲದ ಕುಂಚದಿಂದ ಉದ್ದಕ್ಕೆ, ಅಡ್ಡಕ್ಕೆ, ಮತ್ತೆ ಉದ್ದಕ್ಕೆ ಮೂರು ಸಲ ಎಳೆದು ಕೈ ತೆಗೆದುಬಿಟ್ಟನು. ಗೆರೆಗಳು ಕಾಣುತ್ತಿದ್ದುವು. “ಇನ್ನೊಂದು ಸಲ ಎಳೆಯಬಾರದೆ?” ಎಂದೆವು. “ಬೇಡ ಮಾವ. ತಾನೇ ಕೂತುಕೊಳ್ಳುತ್ತದೆ, ಮುಟ್ಟಿದರೆ ಕೆಡುತ್ತದೆ” ಎಂದನು. ಅವನ ಮಾತಿನಂತೆ ಗೆರೆಗಳು ಕಣ್ಣೆದುರಿಗೆ ಅಳಿದುವು. ಕೊಟ್ಟಿಗೆಯ ಹೆಂಚುಗಳ ಸಂದಿನ ಬೆಳಕು ಹಲಗೆಯೊಳಗೆ ಪ್ರತಿಬಿಂಬಿಸಿತು. ಅದನ್ನು ನೋಡಿದ ನಮಗೆ ಆದ ಸಂತೋಷವು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಹಲಗೆಯ ನಡುಮೈಯಲ್ಲಿ ಸಣ್ಣ ಸಣ್ಣ ಕುಳಿಗಳು ತೋರತೊಡಗಿದುವು. ರಾಳವು ಅಲ್ಲಲ್ಲಿ ಹಿಂದಕ್ಕೆ ಸರಿದು, ದುಂಡಗೆ ಬಿಟ್ಟುಕೊಂಡಿತು. ಮೀನಿನ ಕಣ್ಣೆಂದು ಈ ಕೆಲಸದವರು ಇದನ್ನು ಕರೆಯುವರು. ಹುಡುಗನು ಮೊದಲು ಅಂಗಡಿಯವನನ್ನು ಬೈದನು. ಆಮೇಲೆ ತನ್ನ ಕುಂಚವನ್ನು ಬೈದನು. ಆಮೇಲೆ ಬಗ್ಗಿ ಓರೆಯಾಗಿ ನೋಡಿ ಸುಮ್ಮನಾದನು. ನಾವೂ ಬಗ್ಗಿ ನೋಡಿದೆವು. ಕುಳಿಗಳು ಹರಡಿದ್ದುದು ಯದೃಚ್ಛೆಯಾಗಿರಲಿಲ್ಲ. ಒಂದು ಅಂಗೈ, ಐದು ಬೆರಳು. ಚಿತ್ರ ಬರೆದಂತೆ ಸ್ಪಷ್ಟ. ಹೆಬ್ಬೆರಳಿನ ಪಕ್ಕದ ಬೆರಳು ತುದಿಯಲ್ಲಿ ಡೊಂಕು. ಆ ಡೊಂಕು ಬೆರಳು ನಮ್ಮದು. ಬಾಲ್ಯದಲ್ಲಿ ಮರದಿಂದ ಬಿದ್ದು ಆದದ್ದು.

ನಡೆದದ್ದಿಷ್ಟು. ಹಿಂದಿನ ದಿನ ಶನಿವಾರ, ನಮಗೆ ಎಣ್ಣೆಸ್ನಾನದ ದಿವಸ. ತಲೆಗೆ ಎಣ್ಣೆ ಒತ್ತಿಕೊಂಡು ನೀರು ಕಾಯುವವರೆಗೆ ಹಿತ್ತಿಲಿನಲ್ಲಿ ತಿರುಗಾಡುತ್ತ ಕೊಟ್ಟಿಗೆಯನ್ನು ಹೊಕ್ಕೆವು. ಹುಡುಗನು ಇರಲಿಲ್ಲ. ಅವನು ಉಜ್ಜಿ ಒರಸಿ ಸಿದ್ಧಪಡಿಸಿದ ಮೈಯನ್ನು ಕಂಡು, ಕರುವಿನ ಬೆನ್ನನ್ನು ಸವರುವಂತೆ ಒಮ್ಮೆ ಸವರಿದೆವು. ಅಷ್ಟೆ. ನಮ್ಮ ಭಾಷೆಗಳಲ್ಲಿ ‘ಸ್ನೇಹ’ವೆಂದರೆ ಎಣ್ಣೆಯೂ ಹೌದು, ಪ್ರೀತಿಯೂ ಹೌದು ಎಂದು ನಾವು ಎಷ್ಟು ಮಕ್ಕಳಿಗೆ ಬೋಧಿಸಿಲ್ಲ! ಎರಡೂ ಒಂದೇ ಹಸ್ತದಲ್ಲಿ ಕೂಡಿ, ಬಡ ಹುಡುಗನ ದುಡಿಮೆಯನ್ನು ಕೆಡಿಸಿದುವು. ಕಾಣದಷ್ಟು ತೆಳುವಾದ ಎಣ್ಣೆಯಿದ್ದರೂ ರಾಳವು ಅದರ ಮೇಲೆ ಹರಡಲೊಲ್ಲದು.

ಅವನಿಗೆ ಗೊತ್ತಾಗಿದೆಯೆಂದು ನಮಗೆ ಗೊತ್ತಾಯಿತು. ಆದರೂ ಹಿರಿಯರೆಂದು ಅವನು ಬಾಯಿ ಬಿಡಲಿಲ್ಲ. ನಾವೇ, “ತಪ್ಪು ನಮ್ಮದಪ್ಪಾ, ಆ ಕೈ ನಮ್ಮದು” ಎಂದೆವು. “ಇರಲಿ ಮಾವ” ಎಂದು ಮುಖ ತಿರುಗಿಸಿ, ಹೆಪ್ಪಾಗುತ್ತಿದ್ದ ಅಂಚಿನಿಂದ ಅಂಟುಕಾಗದವನ್ನು ಎಳೆಯತೊಡಗಿದನು. ಅದು ಪೂರ್ತಿ ಗಟ್ಟಿಯಾಗುವ ಮೊದಲೇ ಎಳೆಯತಕ್ಕದ್ದು, ತಡೆದರೆ ರಾಳದೊಡನೆ ಸೇರಿ ಬಿಡಿಸಲಾಗದು. ಆ ದಿನ ಮಧ್ಯಾಹ್ನ ಅವನು ಊಟಕ್ಕೆ ಬರಲು ತಡಮಾಡಿದನು. ನಮ್ಮ ಮನೆಯವರು ನಮ್ಮ ಎಲೆಗೆ ಪಾಯಸ ಬಡಿಸದೆ ಅವನದಕ್ಕೆ ಎರಡು ಸಲ ಬಡಿಸಿದರು.

ಮಾರನೆಯ ದಿನ ಇಡಿಯ ಮೇಲ್ಮುಖವನ್ನು ಮತ್ತೆ ಉಜ್ಜಿದ್ದಾಯಿತು. ಕುಳಿಗಳ ತಳ ಸಿಕ್ಕುವವರೆಗೆ ಉಜ್ಜುವುದೊಂದು ಕಾರಣ. ಮೇಲೆ ತೇಲಿನಿಂತ ಮೇಣದ ಪೊರೆಯನ್ನು ತೆಗೆಯದೆ ಎರಡನೆಯ ಲೇಪ ಕಚ್ಚದೆಂಬುದು ಇನ್ನೊಂದು. ಅದರ ಮರುದಿನ ಬೆಳಗ್ಗೆ ಉಳಿದ ರಾಳದಲ್ಲಿ 250 ಗ್ರಾಂ ತೆಗೆದು ಪುನಃ ಹರಿಯಿಸಿದನು. ಈ ಸಲ ನಾವು ಜಗಲಿಯಲ್ಲಿ ಕುಳಿತಿದ್ದೆವು. ಒಂದು ಸೊಳ್ಳೆಯು ಬಂದು ಲೇಪದಲ್ಲಿ ಸಿಕ್ಕಿಕೊಂಡದ್ದನ್ನು ಬಿಟ್ಟರೆ ಕುಂದಿಲ್ಲದೆ ಕೂತಿತು. ಆದರೆ ಡಬ್ಬಿಯಲ್ಲಿ ಉಳಿದದ್ದು ಒಂದು ಹಿಡಿ ರಾಳ. ಮಂಗಳೂರಿಗೆ ಹೋಗಿ ತರಬಹುದಾಗಿತ್ತು. ಹಣವನ್ನು ನಾವೇ ಕೊಡುವೆವೆಂದೆವು. ಕೊರತೆ ದಿವಸಗಳದು. ಶನಿವಾರ ಕಲಿಯುವವರ ಒಂದು ಗುಂಪು ಬರುವುದಿತ್ತು. ಕೆಳಮುಖಕ್ಕೂ ಲೇಪಕೊಟ್ಟು ಅದು ಬಲಿಯುವುದಕ್ಕೆ ಕಾದರೆ ಆ ಸಂಪಾದನೆ ತಪ್ಪುತ್ತಿತ್ತು. ಆದ ಕಾರಣ ಮೊಣಕಾಲೂರಿ ಹತ್ತುವ, ಬಿಸಿಲು ಕಾಯುವ, ಅತಿಯಾಗಿ ಸೋರುತ್ತಿದ್ದ ಮೇಲ್ಮುಖಕ್ಕೆ ಮಾತ್ರ ಮೆರುಗು. ಕೆಳಮುಖವು ಮಳೆಗಾಲ ಕಳೆಯುವವರೆಗೆ ಉಜ್ಜಿದ ಮೈಯಾಗಿಯೇ ಇರಲೆಂದು ತೀರ್ಮಾನವಾಯಿತು.

ಲೇಪ ಕೊಟ್ಟ ಮಾತ್ರಕ್ಕೆ ಮೆರುಗು ಮುಗಿಯಿತೆಂದು ಭಾವಿಸಬಾರದು. ಮೂರು ದಿನ ಬಲಿತ ಮೇಲೆ ಅದರ ಮೈ ದೂರಕ್ಕೆ ಹೊಳೆದರೂ ಹತ್ತಿರದಿಂದ ಕಿತ್ತಳೆಯ ಸಿಪ್ಪೆಯಂತಿತ್ತು. ಈಗ ಬಣ್ಣದವರು ಬಳಸುವ ವಾಟರ್ ಪೇಪರ್. ನೀರು ಸುರಿದುಕೊಂಡು ಉಜ್ಜುವ ಕಪ್ಪು ಕಾಗದ. 400, 600, 800, 1000, 1500 ಎಂದು ಮೆಟ್ಟಲು ಮೆಟ್ಟಲಾಗಿ ಏರಬೇಕು. ನಡುವೆ ಒಂದು ಮೆಟ್ಟಲನ್ನು ಹಾರಿದರೆ ಹಿಂದಿನ ಕಾಗದದ ಗೀರುಗಳು ಹಾಗೆಯೇ ಉಳಿದು ಕೊನೆಯ ಹೊಳಪಿನಲ್ಲಿ ಎದ್ದುಕಾಣುವುವು. ಒಂದೊಂದು ಅಂಕೆಗೂ ದಿಕ್ಕನ್ನು ಬದಲಿಸಿ ಉಜ್ಜಿದರೆ ಹಿಂದಿನ ಗೀರು ಹೋಯಿತೋ ಇಲ್ಲವೋ ತಿಳಿಯುವುದು. 1500ರ ಕಾಳೆಂದರೆ ಸುಮಾರು ಒಂದು ಮಿಲಿಮೀಟರಿನ 80ರಲ್ಲಿ ಒಂದು ಪಾಲು. ಆದರೂ ಅದರ ಗೀರು ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡದಾದ್ದರಿಂದ ಮೈ ಇನ್ನೂ ಮಂಕು. ಕೊನೆಗೆ ಕಾರುಗಳಿಗೆ ಹಚ್ಚುವ ರಬ್ಬಿಂಗ್ ಕಾಂಪೌಂಡ್ ಎಂಬ ಸರಿಯನ್ನು ಉಣ್ಣೆಯ ಬಟ್ಟೆಗೆ ಮೆತ್ತಿ ತಿಕ್ಕಿದಾಗ, ಉಗುರಿನಗಲ, ಅಂಗೈಯಗಲ, ಹೀಗೆ ಕನ್ನಡಿ ತೆರೆಯುತ್ತ ಬಂದಿತು. ಒಂದೇ ಕಡೆ ಹೆಚ್ಚು ಹೊತ್ತು ತಿಕ್ಕಿದರೆ ಬಿಸಿಯೇರಿ ರಾಳ ಸುಡುವುದು. ಚನ್ನಪಟ್ಟಣದಲ್ಲಿ ಚರಕಿಯ ಮೇಲೆ ತಿರುಗುವ ಹಾಲೆಮರದ ಬೊಂಬೆಗೆ ಅರಗು ಹಿಡಿದು, ಘರ್ಷಣೆಯ ಬಿಸಿಯಿಂದಲೇ ಅದನ್ನು ಕರಗಿಸಿ ಹರಡಿ, ತಾಳೆಗರಿಯಿಂದ ಒತ್ತಿ ಹೊಳಪು ತೆಗೆಯುವುದನ್ನು ನಾವು ಕಂಡಿದ್ದೆವು. ಅಲ್ಲಿ ಮಿತ್ರನಾದ ಬಿಸಿ ಇಲ್ಲಿ ಶತ್ರು.

ಕೂಲಿಯಿಲ್ಲದ ಕೆಲಸವೆಂದು ನಮಗೆ 600ರ ಕಾಗದವನ್ನು ಕೊಟ್ಟನು. ಕಡಲೆಹಿಟ್ಟಿನಿಂದ ಎರಡು ಸಲ, ಸಾಬೂನಿನಿಂದ ಒಂದು ಸಲ ಕೈ ತೊಳೆದು ತೋರಿಸಿದ ಮೇಲೆ. ಅರ್ಧಗಂಟೆಯಲ್ಲಿ ಭುಜ ನೋಯತೊಡಗಿತು. ಎರಡು ಗಂಟೆ ಉಜ್ಜಿದೆವು.

ತೂಗಿ ನೋಡಿದರೆ ಹೆಚ್ಚಿದ್ದು 180 ಗ್ರಾಂ. ಒಂದು ಲೋಟ ನೀರಿಗಿಂತ ಕಡಮೆ. ಒಂದು ಕಿಲೋ ಸಮುದ್ರವನ್ನು ಹೊರುವುದಕ್ಕಿಂತ ಇದು ಮೇಲೆಂಬುದರಲ್ಲಿ ವಿವಾದವಿಲ್ಲ. ಆದರೆ ಹೊಸ ಹಲಗೆಯನ್ನು ಪಂದ್ಯಕ್ಕೊಯ್ಯುವವನು ಈ 180 ಗ್ರಾಂ ಬೇಡವೆಂದರೆ ಅದೂ ಸರಿಯೇ. ಮೆರುಗಿನ ಮೈ ವೇಗವೋ ಉಜ್ಜಿದ ಮೈ ವೇಗವೋ ಎಂಬುದು ಈ ಆಟದವರಲ್ಲಿ ಹಳೆಯ ಜಗಳ. ನುಣ್ಣನೆಯ ಉಜ್ಜಿದ ಮೈ ನೀರನ್ನು ಚೆನ್ನಾಗಿ ಬಿಡುತ್ತದೆಂದು ಒಂದು ಪಕ್ಷ. ಮೆರುಗಿನ ಮೈಯೇ ಜಾರುತ್ತದೆಂದು ಇನ್ನೊಂದು. ನಮ್ಮ ಹುಡುಗನನ್ನು ಕೇಳಿದರೆ, ನಿಲ್ಲಲು ಬಾರದೆ ಬೀಳುವವರಿಗೆ ಎರಡೂ ಒಂದೇ ಎನ್ನುತ್ತಾನೆ. ಅವನು ಹೊಳಪನ್ನು ಬಯಸಿದ್ದು ವೇಗಕ್ಕಲ್ಲ, ಬಾಳಿಕೆಗೆ. ಕಲೆ ಹಿಡಿಯದೆ, ನೀರು ಕುಡಿಯದೆ ಇನ್ನು ನಾಲ್ಕು ವರ್ಷ ನಡೆದರೆ ಬಳೆಗಳ ಸಾಲ ತೀರುತ್ತದೆ.

ಅರ್ಧ ಮೆರುಗು, ಅರ್ಧ ಮಂಕಾಗಿ ಹಲಗೆಯು ಶನಿವಾರ ನೀರಿಗಿಳಿಯಿತು. ನಾವೂ ನಮ್ಮ ಮನೆಯವರೂ ನೋಡಲು ಹೋಗಿದ್ದೆವು. ಹುಡುಗನು ಮರಳಿನ ಮೇಲೆ ಹಲಗೆಯನ್ನಿಟ್ಟು, ಚೀಲದಿಂದ ಮೇಣದ ಬಿಲ್ಲೆಯೊಂದನ್ನು ತೆಗೆದು, ನಾವು ಎರಡು ಗಂಟೆ ಭುಜ ನೋಯಿಸಿಕೊಂಡು ಉಜ್ಜಿದ ಆ ಕನ್ನಡಿಯ ಮೇಲೆ ಗಂಟುಗಂಟಾಗಿ ತಿಕ್ಕತೊಡಗಿದನು. “ಅಯ್ಯೋ, ಇಷ್ಟು ದಿನ ಉಜ್ಜಿದ್ದು ಹೀಗೆ ಮೆತ್ತುವುದಕ್ಕೇನೋ?” ಎಂದರು ಅವನ ಅತ್ತೆ. “ಹೊಳೆಯುವ ಮೈಯಲ್ಲಿ ಕಾಲು ನಿಲ್ಲಬೇಡವೇ, ಅತ್ತೆ?” ಎಂದು ಅವನು ನಕ್ಕನು.

ಮೂರು ತಿಂಗಳ ತರುವಾಯ, ಜ್ಯೇಷ್ಠದ ಮಳೆ ಹಿಡಿದು ತರಗತಿಗಳು ನಿಂತಾಗ, ಹಲಗೆಯನ್ನು ನಮ್ಮ ಅಟ್ಟಕ್ಕೆ ಏರಿಸುವ ಮೊದಲು ಎರಡು ಮುಖಗಳನ್ನೂ ಹೋಲಿಸಿ ನೋಡಿದೆವು. ಮೇಣ ತೆಗೆದು ಒರಸಿದ ಮೇಲ್ಮುಖದಲ್ಲಿ ಮೊಣಕಾಲಿನ ತಟ್ಟುಗಳೂ ಕೂದಲೆಳೆಯಂಥ ಗೀರುಗಳೂ ಎದ್ದುಕಾಣುತ್ತಿದ್ದುವು, ಹೊಳಪಿನ ಮೈ ಏನನ್ನೂ ಮುಚ್ಚಿಡದು. ಆದರೆ ಒಳಗೆ ನೀರಿರಲಿಲ್ಲ, ಬಣ್ಣ ಬಿಳಿದಾಗಿಯೇ ಇತ್ತು. ಕೆಳಮುಖದಲ್ಲಿ ಗೀರು ಕಾಣದಿದ್ದರೂ ನಮ್ಮೂರ ಕೆಂಪುಮಣ್ಣು ರಂಧ್ರರಂಧ್ರಕ್ಕೆ ಇಳಿದು ಸಾಬೂನಿಗೂ ಜಗ್ಗಲಿಲ್ಲ. ತೂಕ 7 ಕಿಲೋ 500 ಗ್ರಾಂ. ಹೆಚ್ಚಿನ ನೂರು ಗ್ರಾಂ ಬಂದದ್ದು ಯಾವ ಮುಖದಿಂದೆಂದು ಹುಡುಗನಿಗೆ ಸಂಶಯವಿರಲಿಲ್ಲ.

ಮಳೆಗಾಲದ ತೇವದಲ್ಲಿ ರಾಳ ಸರಿಯಾಗಿ ಕೂಡದೆಂದು ಕೆಳಮುಖದ ಕೆಲಸವು ಕಾರ್ತಿಕಕ್ಕೆ ಬಿತ್ತು. ಅದು ಮೊನ್ನೆ ನಡೆಯಿತು. ಶನಿವಾರವನ್ನು ಬಿಟ್ಟು ಬೇರೆ ವಾರವನ್ನು ಹುಡುಗನೇ ಗೊತ್ತುಮಾಡಿದನು. ನಮಗೆ ವಹಿಸಿದ ಕೆಲಸವೆಂದರೆ, ಕೊಟ್ಟಿಗೆಯ ಬಾಗಿಲಿನ ಹೊರಗೆ ಮಣೆಯ ಮೇಲೆ ಕುಳಿತು, ಬೀಸಣಿಗೆಯಿಂದ ಸೊಳ್ಳೆಗಳನ್ನು ಓಡಿಸುತ್ತ, ಲೇಪ ಹೆಪ್ಪಾಗುವವರೆಗೆ ಯಾರನ್ನೂ ಒಳಗೆ ಬಿಡದಿರುವುದು.